ಪತ್ರೆ ಮರದ ಮೂಲೆಯ ಕಸ

ನಿವೃತ್ತನಾದ ಮೇಲೆ ಡಾಕ್ಟರು ನನಗೆ ದಿನಾ ಬೆಳಿಗ್ಗೆ ಒಂದು ಗಂಟೆ ನಡೆಯಿರಿ ಎಂದಿದ್ದಾರೆ. ನಡೆಯಲು ಆಗುತ್ತಿಲ್ಲ. ಕಾಲು ಗಟ್ಟಿಯಾಗಿವೆ, ತೊಂದರೆ ಇರುವುದು ಕಣ್ಣಿನದು. ಬಸವೇಶ್ವರನಗರದ ನಮ್ಮ ಮನೆಯಿಂದ ಹೊರಟು ನೂರು ಹೆಜ್ಜೆ ಹಾಕುವಷ್ಟರಲ್ಲಿ ಕರೆಂಟು ಕಂಬದ ಬುಡದಲ್ಲಿ ಗಂಟು ಹಾಕಿದ ಕವರೊಂದು ಕಾಣುತ್ತದೆ. ಅಲ್ಲಿಗೆ ನನ್ನ ವಾಕಿಂಗ್ ಮುಗಿಯಿತು. ಯಾರು ಹಾಕಿದರು, ಎಷ್ಟು ಹೊತ್ತಿಗೆ ಹಾಕಿದರು, ಒಳಗೆ ಏನಿರಬಹುದು ಎಂದು ಅದರ ಸುತ್ತ ಸುತ್ತುತ್ತೇನೆ. ಜೊತೆಗೆ ಬರುತ್ತಿದ್ದ ಇಬ್ಬರು ಗೆಳೆಯರು ಒಂದು ವಾರ ಸಹಿಸಿಕೊಂಡರು, ಆಮೇಲೆ ಹೇಳದೆ ಕೇಳದೆ ಬೇರೆ ರಸ್ತೆ ಹಿಡಿದರು.

ನಾನು ಆರೋಗ್ಯ ನಿರೀಕ್ಷಕನಾಗಿದ್ದವನು. ಈ ಹೆಸರು ಕೇಳಿ ನಿಮಗೆ ಆಸ್ಪತ್ರೆ ನೆನಪಾದರೆ ತಪ್ಪು ನಿಮ್ಮದಲ್ಲ. ನಮ್ಮ ಮಾವನವರು ಕೂಡ ದಾವಣಗೆರೆಯಲ್ಲಿ ಬೀಗರ ಮುಂದೆ "ನಮ್ಮ ಅಳಿಯಂದಿರು ಹೆಲ್ತ್ ಡಿಪಾರ್ಟ್‌ಮೆಂಟು" ಎಂದು ಹೇಳಿ ಅಲ್ಲಿಗೇ ಮಾತು ನಿಲ್ಲಿಸುತ್ತಿದ್ದರು. ನಿಜದಲ್ಲಿ ನಮ್ಮ ಕೆಲಸ ಬೀದಿ ಗುಡಿಸುವಂತೆ ನೋಡಿಕೊಳ್ಳುವುದು, ಕಸ ಎತ್ತಿಸುವುದು, ಎಸೆಯುವವರನ್ನು ಹಿಡಿಯುವುದು. ಜನ ನಮ್ಮನ್ನು ಕಸದ ಇನ್ಸ್‌ಪೆಕ್ಟ್ರು ಎನ್ನುತ್ತಾರೆ, ಅದೇ ಸರಿಯಾದ ಹೆಸರು.

ಹೊಸದಾಗಿ ಈ ಕೆಲಸಕ್ಕೆ ಸೇರಿದವರು ಆಗಾಗ ಫೋನ್ ಮಾಡಿ "ಸಾರ್, ಫೀಲ್ಡ್ ಹೆಂಗಿರುತ್ತೆ?" ಎಂದು ಕೇಳುತ್ತಾರೆ. ಫೋನಿನಲ್ಲಿ ಏನೇನೋ ಹೇಳಿ ಇಡುತ್ತೇನೆ. ಹೇಳಬೇಕಾದ್ದನ್ನು ಹೇಳಲಿಲ್ಲ ಎಂಬ ಕಿರಿಕಿರಿ ದಿನವಿಡೀ ಉಳಿಯುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ಸನ್ಮಾನ ಎಲ್ಲಿ ಆಯಿತು ಎಂಬುದೆಲ್ಲ ಇದರಲ್ಲಿಲ್ಲ. ನರಸಮ್ಮ ಎಂಬ ಪೌರಕಾರ್ಮಿಕ ಹೆಂಗಸಿಗೆ ನಾನು ಮಾಡಿದ ಅನ್ಯಾಯ ಇದರಲ್ಲಿದೆ. ಅದು ನನಗೆ ಗೊತ್ತಾದ ಬಗೆಯೂ ಇದೆ.

ಮೊದಲು ಹಳೆಯ ಕಾಲದ ಎರಡು ಮಾತು. ನಾನು ಸೇರಿದಾಗ ಬೀದಿ ಕೊನೆಗೊಂದು ಸಿಮೆಂಟಿನ ತೊಟ್ಟಿ ಇರುತ್ತಿತ್ತು. ಮನೆಯವರು ತಂದು ಸುರಿಯುತ್ತಿದ್ದರು. ಅರ್ಧ ಒಳಗೆ, ಅರ್ಧ ಹೊರಗೆ. ಲಾರಿ ಬಂದಾಗ ಬಾಣಲಿಯಲ್ಲಿ ತುಂಬಿ ಕಳಿಸುತ್ತಿದ್ದೆವು. ಆಮೇಲೆ ತೊಟ್ಟಿಗಳನ್ನೆಲ್ಲ ಒಡೆದು ಹಾಕಿ, ಬಾಗಿಲಿಗೇ ಆಟೋ ಬರುತ್ತದೆ, ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಕೊಡಿ ಎಂದೆವು. ತೊಟ್ಟಿ ಹೋಯಿತು, ತೊಟ್ಟಿ ಇದ್ದ ಜಾಗವನ್ನು ಮಾತ್ರ ಜನರ ಕೈ ಮರೆಯಲಿಲ್ಲ. ಆಟೋ ತಪ್ಪಿಸಿಕೊಂಡವರು ಸ್ಕೂಟರ್ ನಿಲ್ಲಿಸದೆಯೇ ಅಲ್ಲಿಗೆ ಎಸೆದು ಹೋಗುತ್ತಿದ್ದರು. ಅಂಥ ಜಾಗವನ್ನು ನಮ್ಮವರು ಬ್ಲ್ಯಾಕ್ ಸ್ಪಾಟ್ ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ನಾನು ಕಂಡದ್ದು ಒಂದೇ: ಮೊದಲ ಕವರು ಹಾಕುವವನಿಗೆ ಧೈರ್ಯ ಬೇಕು, ಎರಡನೆಯವನಿಗೆ ಬೇಡ. ಮೊದಲನೆಯವನನ್ನು ಹಿಡಿದರೆ ಉಳಿದವರು ತಾವಾಗಿಯೇ ನಿಲ್ಲುತ್ತಾರೆ.

ಹಿಡಿಯಲು ನಮಗಿದ್ದ ಉಪಾಯ ಕವರು ಬಿಚ್ಚುವುದು. ಒಳಗೆ ಕರೆಂಟು ಬಿಲ್ಲು, ಕೊರಿಯರ್ ಚೀಟಿ, ಔಷಧಿ ಚೀಟಿ ಏನಾದರೂ ಸಿಕ್ಕೇ ಸಿಗುತ್ತಿತ್ತು. ವಿಳಾಸ ಹಿಡಿದು ಮನೆಗೆ ಹೋಗಿ, ಅವರ ಕಸವನ್ನು ಅವರ ಗೇಟಿನ ಮುಂದೆ ಇಟ್ಟು ದಂಡ ಬರೆಯುತ್ತಿದ್ದೆವು. ಆ ಕಾಲದಲ್ಲಿ ನನಗೆ ಅದೊಂದು ಹುಚ್ಚು. ವಿಜಯನಗರದಲ್ಲಿದ್ದಾಗ ಒಂದು ದಿನ ಬದನೆಕಾಯಿ ತೊಟ್ಟು, ಮೊಟ್ಟೆ ಚಿಪ್ಪಿನ ನಡುವೆ ಒಂದು ಮದುವೆ ಪತ್ರಿಕೆ ಸಿಕ್ಕಿತು. ಮೂಲೆಗೆ ಅರಿಶಿನ ಹಚ್ಚಿದ್ದು, ಕೆಳಗೆ ಪೂರ್ತಿ ವಿಳಾಸ. ಇನ್ನೇನು ಬೇಕು? ಕವರು ಕೈಯಲ್ಲಿ ಹಿಡಿದುಕೊಂಡೇ ಹೋದೆ. ಮನೆಯ ಮುಂದೆ ಚಪ್ಪರ, ಬಾಳೆಕಂದು. ಒಳಗೆ ಹುಡುಗಿಗೆ ಅರಿಶಿನ ಹಚ್ಚುತ್ತಿದ್ದರು. ನಾನು ಗೇಟಿನಲ್ಲಿ ನಿಂತು, ಓದಿದವರಾಗಿ ಬೀದಿಗೆ ಕಸ ಎಸೆಯುತ್ತೀರಲ್ಲ ಎಂದು ಗಂಟಲು ಹರಿದುಕೊಂಡೆ. ಹುಡುಗಿಯ ತಂದೆ ಪಂಚೆ ಎತ್ತಿ ಕಟ್ಟಿಕೊಂಡು ಬಂದರು.

"ಸ್ವಾಮಿ, ಈ ಪತ್ರಿಕೆ ಐನೂರು ಮನೆಗೆ ಹಂಚಿದೀವಿ. ಅದ್ರಲ್ಲಿ ಯಾರು ಎಸೆದ್ರು ಅಂತ ನನಗೇನು ಗೊತ್ತು? ನನ್ ಮಗಳ ಪತ್ರಿಕೆ ಕಸಕ್ಕೆ ಬಿದ್ದಿದೆ ಅಂತ ಇವತ್ತೇ ಬಂದು ತೋರಿಸ್ಬೇಕಿತ್ತಾ ನೀವು?"

ನೆಂಟರೆಲ್ಲ ನೋಡುತ್ತಿದ್ದರು. ನನ್ನ ಮುಖ ಸಣ್ಣಗಾಯಿತು. ಅವರು ದೊಡ್ಡ ಮನುಷ್ಯರು, ಬೈದು ಮುಗಿಸಿ, ಬಂದಿದ್ದೀರಿ ಊಟ ಮಾಡಿಕೊಂಡು ಹೋಗಿ ಎಂದರು. ನಾನು ಕವರನ್ನು ಗೇಟಿನ ಹೊರಗಿಟ್ಟು, ಕೈ ತೊಳೆದು, ತಲೆ ತಗ್ಗಿಸಿ ಒಬ್ಬಟ್ಟು ತಿಂದೆ. ಹೊರಗೆ ಬರುವಷ್ಟರಲ್ಲಿ ನಾಯಿಗಳು ಕವರನ್ನು ಎಳೆದಾಡಿ ಚಪ್ಪರದ ಮುಂದಿನ ರಂಗೋಲಿಯ ತುಂಬ ಮೊಟ್ಟೆ ಚಿಪ್ಪು ಹರಡಿದ್ದವು. ಅದನ್ನು ನಾನೇ ಬಳಿದೆ. ಅಂದಿನಿಂದ ಕವರು ಬಿಚ್ಚುವುದನ್ನು ಬಿಟ್ಟೆ. ಕಾಗದದ ಮೇಲಿನ ಹೆಸರು ಎಸೆದವರ ಹೆಸರಲ್ಲ ಎಂದು ಎಲ್ಲರಿಗೂ ಪಾಠ ಹೇಳತೊಡಗಿದೆ.

ಮೇಲಧಿಕಾರಿಗಳ ವಿಷಯ ಬರೆಯಲು ಕೂತರೆ ಪುಸ್ತಕವಾಗುತ್ತದೆ. ಒಬ್ಬರನ್ನು ಮಾತ್ರ ಹೇಳುತ್ತೇನೆ. ಅವರಿಗೆ ಬೀದಿಗಿಂತ ಬೀದಿಯ ಫೋಟೋ ಮುಖ್ಯ. ಬೆಳಿಗ್ಗೆ ಆರಕ್ಕೆ ಗುಡಿಸುವ ಮೊದಲಿನ ಫೋಟೋ, ಏಳಕ್ಕೆ ಗುಡಿಸಿದ ಮೇಲಿನ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ನಾವು ಅವರನ್ನು ಹಿಂದಿನಿಂದ ಫೋಟೋ ಸಾಹೇಬರು ಎನ್ನುತ್ತಿದ್ದೆವು. ಒಂದು ದಿನ ಒಂದು ರಸ್ತೆ ಆರು ಗಂಟೆಗೇ ಸ್ವಚ್ಛವಾಗಿತ್ತು. "ಶಿವಮೂರ್ತಿ, ಬಿಫೋರ್ ಎಲ್ರೀ? ಬಿಫೋರ್ ಇಲ್ದೆ ಆಫ್ಟರ್ ಇಟ್ಕೊಂಡು ನಾನೇನ್ ಮಾಡ್ಲಿ?" ಎಂದು ಫೋನಿನಲ್ಲಿ ಕೂಗಾಡಿದರು. ನಾನು ಪಕ್ಕದ ರಸ್ತೆಯಿಂದ ಎರಡು ಕವರು ಕಸ ತರಿಸಿ, ಹಾಕಿ, ಫೋಟೋ ತೆಗೆದು, ಮತ್ತೆ ಎತ್ತಿಸಿದೆ. ನಗಬೇಡಿ. ನಿಮಗೂ ಇಂಥ ದಿನ ಬರುತ್ತದೆ.

ಈ ಸಾಹೇಬರ ಕಾಲದಲ್ಲೇ ನನ್ನನ್ನು ನಮ್ಮ ಮನೆ ಇರುವ ವಾರ್ಡಿಗೇ ಹಾಕಿದರು. ಮನೆಯಿಂದ ಮೂರು ರಸ್ತೆ ಆಚೆ ಒಂದು ಪಾರ್ಕು. ಅದರ ಕಾಂಪೌಂಡಿಗೆ ಒತ್ತಿಕೊಂಡು, ಫುಟ್‌ಪಾತಿನಲ್ಲಿ ಒಂದು ಬಿಲ್ವಪತ್ರೆ ಮರ. ಆ ಮೂಲೆಯೇ ನನ್ನ ವಾರ್ಡಿನ ಬ್ಲ್ಯಾಕ್ ಸ್ಪಾಟ್. ಬೆಳಿಗ್ಗೆ ಆರಕ್ಕೆ ಹೋದರೆ ಮರದ ಬುಡದಲ್ಲಿ ಕಾಗದದ ಒಂದು ಸಣ್ಣ ಪೊಟ್ಟಣ ಮಾತ್ರ. ಏಳಕ್ಕೆ ಹೋದರೆ ಸುತ್ತ ಎಂಟು ಹತ್ತು ಕವರು. ದಿನಾ ಇದೇ. ನನ್ನ ಫೋಟೋಗಳಲ್ಲಿ ಮೊದಲಿನದೇ ಚೆನ್ನಾಗಿ, ಆಮೇಲಿನದೇ ಕೆಟ್ಟದಾಗಿ ಬರತೊಡಗಿತು. ಸಾಹೇಬರು ಮೀಟಿಂಗಿನಲ್ಲಿ ಅದನ್ನು ಗೋಡೆಯ ಮೇಲೆ ಹಾಕಿ ಎಲ್ಲರಿಗೂ ತೋರಿಸಿದರು. ನನಗೆ ಅನ್ನ ಸೇರಲಿಲ್ಲ.

ಆ ರಸ್ತೆ ಗುಡಿಸುತ್ತಿದ್ದವಳು ನರಸಮ್ಮ. ಪಕ್ಕದ ಕಾಮಾಕ್ಷಿಪಾಳ್ಯದವಳು, ವಯಸ್ಸಿನಲ್ಲಿ ಹೆಚ್ಚುಕಡಿಮೆ ನನ್ನ ವಾರಿಗೆಯವಳೇ ಇರಬೇಕು. ಮಾತು ಕಡಿಮೆ. ಮೋರಿಯಲ್ಲಿ ಸಿಕ್ಕಿಕೊಂಡ ಪ್ಲಾಸ್ಟಿಕ್ ಎಳೆಯಲು ತಂತಿಯ ಕೊಕ್ಕೆಯೊಂದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ರಸ್ತೆಯ ಆ ತುದಿಯಿಂದ ಗುಡಿಸಿಕೊಂಡು ಬಂದು ಈ ಮೂಲೆ ಮುಟ್ಟುವಾಗ ಏಳಾಗುತ್ತಿತ್ತು. ಎಂಟೂವರೆಗೆ ತಿಂಡಿಯ ಹೊತ್ತಿನಲ್ಲಿ ಮನೆಗೆ ಓಡಿಹೋಗಿ ಮೊಮ್ಮಗಳನ್ನು ಸ್ಕೂಲಿಗೆ ಬಿಟ್ಟು ಬರುತ್ತಿದ್ದಳು. ಮಗಳು ಗಾರ್ಮೆಂಟ್ಸಿಗೆ ಹೋಗಬೇಕಿತ್ತಲ್ಲ, ಅದಕ್ಕೆ.

ನಾನು ಕಾವಲು ನಿಂತೆ. ನಾಲ್ಕು ದಿನ ಬೆಳಿಗ್ಗೆ ಐದೂವರೆಗೆ ಹೋಗಿ ಮರದ ಕೆಳಗೆ ನಿಂತೆ. ನಾಲ್ಕು ದಿನವೂ ಒಂದು ಪೊಟ್ಟಣವಿಲ್ಲ, ಒಂದು ಕವರಿಲ್ಲ. ಮನೆಗೆ ಬಂದು ಹೆಂಡತಿ ಗಿರಿಜೆಯ ಮುಂದೆ ಮೀಸೆ ತಿರುವಿದೆ. ಅವಳು "ಹೌದಾ" ಎಂದಷ್ಟೇ ಅಂದು ಚಟ್ನಿ ರುಬ್ಬಲು ಹೋದಳು. ಐದನೆಯ ದಿನ ನಾನು ಕಾವಲಿಗೆ ಹೋಗಲಿಲ್ಲ, ಪೊಟ್ಟಣ ಬಂದಿತ್ತು.

ಮರುದಿನ ನರಸಮ್ಮ ಬರುವ ಹೊತ್ತಿಗೆ ಮೂಲೆಯಿಂದ ಸ್ವಲ್ಪ ದೂರದ ಟೀ ಅಂಗಡಿಯಲ್ಲಿ ನಿಂತು ನೋಡುತ್ತಿದ್ದೆ. ನರಸಮ್ಮ ಕೈಯಲ್ಲೊಂದು ಪೊಟ್ಟಣ ಹಿಡಿದು ಮರದ ಹಿಂದೆ ಹೋದಳು, ಬಗ್ಗಿದಳು, ಎದ್ದಾಗ ಕೈಯಲ್ಲಿ ಪೊಟ್ಟಣವಿರಲಿಲ್ಲ. ಟೀ ಲೋಟ ಇಟ್ಟು ನೇರ ಆಕೆಯ ಬಳಿಗೆ ಹೋದೆ.

"ಏನ್ ಹಾಕ್ದೆ ಅಲ್ಲಿ?"

"ಏನಿಲ್ಲ ಸಾರ್."

"ಏನಿಲ್ಲ ಅಂದ್ರೆ? ಕಣ್ಣಾರೆ ನೋಡಿದೀನಿ ನಾನು."

ಆಕೆ ಪೊರಕೆಯ ಹಿಡಿಯನ್ನು ಎರಡು ಸಲ ನೆಲಕ್ಕೆ ಕುಟ್ಟಿ ಸರಿ ಮಾಡಿಕೊಂಡಳು. "ಕಸ ಅಲ್ಲ ಸಾರ್" ಎಂದಳು. ಮತ್ತೆ ಗುಡಿಸತೊಡಗಿದಳು.

ಮರದ ಹಿಂದೆ ಹೋಗಿ ನೋಡಬಹುದಿತ್ತು. ಹತ್ತು ಹೆಜ್ಜೆ. ನಾನು ನೋಡಲಿಲ್ಲ. ನನಗೆ ಬೇಕಾಗಿದ್ದ ಮೊದಲ ಕವರಿನ ಕೈ ಸಿಕ್ಕಿತ್ತು, ಅದು ಸಾಕಾಗಿತ್ತು. ಬೇರೆ ಮನೆಯವರ ಕಸವನ್ನು ಕಾಸು ಈಸಿಕೊಂಡು ತಂದು ಇಲ್ಲಿ ಹಾಕುತ್ತಾಳೆ ಎಂದು ನಾನೇ ಕಥೆ ಕಟ್ಟಿಕೊಂಡೆ. ಅಂದೇ ಮನೆಯಲ್ಲಿ ಕೂತು ವರದಿ ಬರೆದೆ: "ಸದರಿ ಸ್ಥಳದಲ್ಲಿ ಸ್ವತಃ ಪೌರಕಾರ್ಮಿಕಳೇ ಕಸ ತಂದು ಹಾಕುತ್ತಿರುವುದು ಕಂಡುಬಂದಿರುತ್ತದೆ." ವಾರದೊಳಗೆ ಆಕೆಯನ್ನು ಕೆಂಗೇರಿ ಉಪನಗರದ ಕಡೆಗೆ ಹಾಕಿದರು. ಹೋಗುವ ದಿನ ಹಾಜರಿ ಕೂಗುವ ಜಾಗದಲ್ಲಿ ಆಕೆ ತನ್ನ ಕೊಕ್ಕೆಯನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡಳು. ನನ್ನ ಕಡೆ ನೋಡಲಿಲ್ಲ. ನನಗೂ ನೋಡಬೇಕು ಅನ್ನಿಸಲಿಲ್ಲ, ಮುಂದಿನ ಫೋಟೋದ ಚಿಂತೆಯಲ್ಲಿದ್ದೆ.

ಮೂಲೆ ಮಾತ್ರ ಹಾಗೆಯೇ ಇತ್ತು. ಪೊಟ್ಟಣ ಬರುವುದು ನಿಲ್ಲಲಿಲ್ಲ, ಅದರ ಹಿಂದೆ ಕವರುಗಳು ಬರುವುದೂ ನಿಲ್ಲಲಿಲ್ಲ. ಅನುಮಾನ ಬರಬೇಕಿತ್ತು. ಹೊಸಬನ ಕೈಗೆ ಇನ್ನೂ ರಸ್ತೆ ಕೂತಿಲ್ಲ ಎಂದುಕೊಂಡೆ. ಅಷ್ಟರಲ್ಲಿ ಫೋಟೋ ಸಾಹೇಬರಿಗೆ ಒಂದು ಐಡಿಯಾ ಹೊಳೆಯಿತು. ಕಾಂಪೌಂಡಿಗೆ ದೇವರ ಚಿತ್ರದ ಟೈಲ್ಸ್ ಹಾಕಿಸಿ, ದೇವರ ಮುಂದೆ ಯಾರು ಕಸ ಹಾಕುತ್ತಾರೆ ನೋಡೋಣ ಎಂದರು. ಎಲ್ಲ ಮತದ ದೇವರನ್ನೂ ಸಾಲಾಗಿ ಹಾಕಿಸಿದೆವು. ಎರಡೇ ದಿನದಲ್ಲಿ ಕವರುಗಳು ನಿಂತವು! ಸಾಹೇಬರು ಗ್ರೂಪಿನಲ್ಲಿ ಚಪ್ಪಾಳೆ ಹಾಕಿದರು. ಮೂರನೆಯ ದಿನ ಟೈಲ್ಸಿನ ಕೆಳಗೆ ಊದುಬತ್ತಿ. ವಾರ ಕಳೆಯುವಷ್ಟರಲ್ಲಿ ಒಡೆದ ತೆಂಗಿನ ಹೋಳು, ನಿಂಬೆಹಣ್ಣು, ಎಣ್ಣೆ ದೀಪ. ಆಮೇಲೆ ಜನ ಮನೆಯಲ್ಲಿದ್ದ ಗಾಜು ಒಡೆದ ದೇವರ ಪಟಗಳನ್ನೆಲ್ಲ ತಂದು ಒರಗಿಸತೊಡಗಿದರು. ಎಲ್ಲರಿಗೂ ಅವನ್ನು ಮನೆಯಲ್ಲಿಟ್ಟುಕೊಳ್ಳಲು ಭಯ, ಬಿಸಾಡಲು ಇನ್ನೂ ಭಯ. ಸರ್ಕಾರವೇ ಜಾಗ ಮಾಡಿಕೊಟ್ಟಿದೆ ಎಂದುಕೊಂಡರೋ ಏನೋ. ಹದಿನೈದು ದಿನಕ್ಕೆ ಪಟಗಳ ರಾಶಿ ಮೊಣಕಾಲೆತ್ತರ ಬೆಳೆಯಿತು.

ಹೊಸದಾಗಿ ಬಂದಿದ್ದ ಪೌರಕಾರ್ಮಿಕ ಪೊರಕೆ ಕೆಳಗಿಟ್ಟುಬಿಟ್ಟ. "ದೇವ್ರ ಫೋಟೋಗೆ ಪೊರಕೆ ಮುಟ್ಸೋದಾ? ಮಕ್ಕಳೊಂದಿಗ ನಾನು ಸಾರ್. ಬೇಕಿದ್ರೆ ಮೆಮೋ ಕೊಡಿ, ನಾನಂತೂ ಮುಟ್ಟಲ್ಲ."

ಬೇರೆ ಯಾರೂ ಒಪ್ಪಲಿಲ್ಲ. ಕೊನೆಗೆ ನಾನೇ ಚಪ್ಪಲಿ ಬಿಟ್ಟು ಕುಕ್ಕರಗಾಲಲ್ಲಿ ಕೂತೆ. ಗಾಜು ಬೇರೆ, ಚೌಕಟ್ಟು ಬೇರೆ, ಪಟ ಬೇರೆ ಮಾಡುತ್ತಾ ಹೋದೆ. ನಡುವೆ ಆ ಕಾಗದದ ಪೊಟ್ಟಣ ಕೈಗೆ ಬಂತು, ಹೂವಿನ ದಾರದಿಂದ ಕಟ್ಟಿದ್ದು. ಎಷ್ಟೋ ವರ್ಷದ ಮೇಲೆ ಮತ್ತೆ ಬಿಚ್ಚಿದೆ. ಒಳಗೆ ಒಣಗಿದ ಸೇವಂತಿಗೆ, ಪತ್ರೆ, ಒಂದಿಷ್ಟು ವಿಭೂತಿಯ ಪುಡಿ. ಸುತ್ತಿದ ಕಾಗದ ನಮ್ಮದೇ ಕರಪತ್ರ. "ನಿಮ್ಮ ಮನೆಯ ಕಸ ಬೀದಿಗೆ ಬೀಳದಿರಲಿ" ಎಂದು ನಾನೇ ಬರೆದು ಅಚ್ಚು ಹಾಕಿಸಿದ್ದು. ನನ್ನ ಹಳೆಯ ಪಾಠ ನೆರವಿಗೆ ಬಂತು: ಕಾಗದದ ಮೇಲಿನ ಹೆಸರು ಎಸೆದವರ ಹೆಸರಲ್ಲ, ಈ ಕರಪತ್ರವನ್ನು ವಾರ್ಡಿನ ಎಲ್ಲ ಮನೆಗೂ ಹಂಚಿದ್ದೇವೆ, ಯಾರಾದರೂ ಇರಬಹುದು. ಸಮಾಧಾನದಿಂದ ಕಾಗದ ತಿರುಗಿಸಿದೆ. ಹಿಂದೆ ನನ್ನ ಅಕ್ಷರ. "ಸದರಿ ಸ್ಥಳದಲ್ಲಿ ಸ್ವತಃ ಪೌರಕಾರ್ಮಿಕಳೇ..."

ಉಳಿದ ಕರಪತ್ರಗಳ ಕಟ್ಟನ್ನು ಮನೆಗೆ ತಂದು, ಅದರ ಹಿಂಬದಿಯಲ್ಲಿ ಕರಡು ಬರೆಯುವುದು ನನ್ನ ಅಭ್ಯಾಸ. ಆ ಕರಡು ಇರುವ ಕಾಗದ ಊರಿಗೆಲ್ಲ ಒಂದೇ ಒಂದು. ಅದು ಇದ್ದದ್ದು ನಮ್ಮ ಮನೆಯಲ್ಲಿ.

ಮನೆಗೆ ಹೋದೆ. ಗಿರಿಜೆ ಜೋಳದ ರೊಟ್ಟಿ ತಟ್ಟುತ್ತಿದ್ದಳು. ಕಾಗದವನ್ನು ಕಟ್ಟೆಯ ಮೇಲಿಟ್ಟೆ.

"ಇದು ನಮ್ಮನೇದಾ?"

"ಹೌದು, ಯಾಕ್ರೀ?"

"ಮರದ ಬುಡದಲ್ಲಿ ದಿನಾ ಕಸ ಹಾಕ್ತಿದ್ದೋಳು ನೀನಾ?"

ತಟ್ಟುತ್ತಿದ್ದ ಕೈ ನಿಂತಿತು. "ಕಸ ಅನ್ಬ್ಯಾಡ್ರಿ. ಲಿಂಗದ ಮೇಲಿಂದ ತೆಗೆದ ಹೂವು, ಪತ್ರೆ ಅದು. ಅದನ್ನ ನಿಮ್ಮ ಹಸಿ ಕಸದ ಬಕೆಟ್ಟಿಗೆ, ನಿನ್ನೆ ಮೊನ್ನೆ ಸಾರು, ಟೀ ಚರಟದ ಜೊತೆ ಸುರೀಲಾ? ಊರಾಗಾದ್ರೆ ಹೊಳೆ ಇತ್ತು, ಬಾವಿ ಇತ್ತು. ಇಲ್ಲಿ ಎಲ್ಲಿ ಹಾಕ್ಬೇಕು? ಹಸಿ ಕಸ, ಒಣ ಕಸ ಅಂತ ಊರೆಲ್ಲ ಸಾರ್ಕೊಂಡ್ ಬಂದ್ರಲ್ಲ, ದೇವರ ಹೂವು ಎಲ್ಲಿ ಹಾಕ್ಬೇಕು ಅಂತ ನಿಮ್ಮ ಪಾಂಪ್ಲೆಟ್ನಲ್ಲಿ ಒಂದು ಸಾಲು ಇದೆಯಾ?"

ಇರಲಿಲ್ಲ. ಇಷ್ಟು ವರ್ಷ ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ದಿನಾ ಬೆಳಿಗ್ಗೆ ಪೂಜೆಗೆ ಕೂರುವವನು ನಾನು, ಎದ್ದ ಮೇಲೆ ನಿನ್ನೆಯ ಹೂವು ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆಯೂ ತಿರುಗಿ ನೋಡಿದವನಲ್ಲ.

"ನಾನು ಕಾವಲಿಗೆ ನಿಂತಾಗ ಬರ್ಲಿಲ್ವಲ್ಲ?"

"ನೀವು ಪೊಲೀಸ್ನೋರ ಥರ ಅಲ್ಲಿ ನಿಂತಿದ್ರೆ ಯಾರು ಬರ್ತಾರೆ? ಅಡಿಗೆಮನೆ ಬಾಗಿಲ ಹಿಂದೆ ನೇತು ಹಾಕಿದ್ದೆ. ನಾಲ್ಕು ದಿನ ನಿಮ್ಮ ತಲೆ ಮೇಲೇ ಇತ್ತು." ಅವಳಿಗೆ ಸ್ವಲ್ಪ ನಗು ಬಂತು. "ನರಸಮ್ಮ ಇದ್ದಾಗ ಏನೂ ತೊಂದ್ರೆ ಇರ್ಲಿಲ್ಲ. ಸಿಕ್ಕಿದ್ರೆ ಅವಳ ಕೈಗೇ ಕೊಡ್ತಿದ್ದೆ, ಇಲ್ದಿದ್ರೆ ಬುಡದಲ್ಲಿ ಇಟ್ಟು ಬರ್ತಿದ್ದೆ. ಅವಳು ಕಾಗದ ಬಿಚ್ಚಿ ಹೂವು ಮಾತ್ರ ಮರದ ಹಿಂದೆ, ಯಾರೂ ತುಳೀದೇ ಇರೋ ಕಡೆ ಹಾಕ್ತಿದ್ಲು. ಈಗ ಬಂದಿರೋನಿಗೆ ಅದೆಲ್ಲ ತಿಳಿಯಲ್ಲ. ಅಂದ ಹಾಗೆ, ಅವಳಿಗೆ ಯಾಕ್ರೀ ವರ್ಗ ಆಯ್ತು?"

ನಾನು ಕಾಗದವನ್ನು ತಿರುಗಿಸಿ ಇಟ್ಟೆ. ಗಿರಿಜೆ ಕೈಯ ಹಿಟ್ಟು ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಓದಿದಳು. ಸ್ಟವ್ ಆರಿಸಿದಳು.

ಮರುದಿನ ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ನಿಲ್ದಾಣ ನಿಲ್ದಾಣಕ್ಕೂ ಇಳಿದುಬಿಡಲೇ ಎನ್ನಿಸುತ್ತಿತ್ತು. ಸೀಟು ಖಾಲಿ ಇದ್ದರೂ ಕೂರಲಾಗಲಿಲ್ಲ. ಉಪನಗರದ ಒಂದು ಅಡ್ಡರಸ್ತೆಯಲ್ಲಿ ನರಸಮ್ಮ ಮೋರಿಯ ಕಲ್ಲಿನ ಸಂದಿಗೆ ಕೊಕ್ಕೆ ಹಾಕಿ ಎಳೆಯುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ನೀನು ಅವತ್ತೇ ಹೇಳ್ಬೇಕಿತ್ತು ನರಸಮ್ಮ" ಎಂದೆ. ತಪ್ಪು ಮಾಡಿದವನು ಮೊದಲು ಆಡುವ ಮಾತು ನೋಡಿ.

"ಏನಂತ ಹೇಳ್ಲಿ ಸಾರ್? ನಿಮ್ಮನೆ ಅಮ್ಮೋರೇ ಇಡೋದು ಅಂತಾನಾ? ನೀವು ನಂಬ್ತಿರ್ಲಿಲ್ಲ. ನಂಬಿದ್ರೂ ಹೋಗಿ ಅವರ್ನ ಬೈತಿದ್ರಿ." ಕೊಕ್ಕೆಯ ತುದಿಯ ಕೆಸರನ್ನು ಕಲ್ಲಿಗೆ ಒರೆಸಿದಳು. "ಬೀದೀಲಿ ಎಲ್ರೂ ನಮ್ ಗಾಡಿಗೆ ದೂರದಿಂದ ಎಸೀತಾರೆ ಸಾರ್. ಆಯಮ್ಮ ದೇವ್ರ ಹೂವ ನನ್ ಕೈಗೆ ಕೊಡೋರು. ಅಂಥೋರ ಹೆಸ್ರು ಹೆಂಗ್ ತೆಗೀಲಿ?"

ಮನೆ ಕಡೆ ಹೇಗೆ ಎಂದು ಕೇಳಿದೆ. ಇಲ್ಲಿಂದ ಎಂಟೂವರೆಗೆ ಮನೆ ಮುಟ್ಟಲು ಆಗುವುದಿಲ್ಲ, ಮೊಮ್ಮಗಳನ್ನು ಸ್ಕೂಲಿಗೆ ಬಿಡುವವರಿಲ್ಲ, ಮಗಳು ಮಂಜುಳಾ ಗಾರ್ಮೆಂಟ್ಸಿನ ಕೆಲಸ ಬಿಟ್ಟಳು ಎಂದಳು. "ಟೈಲರ್ ಆಗಿದ್ಲು ಸಾರ್, ಹೆಲ್ಪರ್ ಅಲ್ಲ" ಎಂದು ಸೇರಿಸಿದಳು. ತಪ್ಪಾಯಿತು ಎನ್ನಲು ಇದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನನ್ನ ಬಾಯಿಂದ ಬಂದದ್ದು "ನೋಡೋಣ, ವಾಪಸ್ ಹಾಕಿಸ್ತೀನಿ" ಎಂಬ ಆಫೀಸಿನ ಮಾತು.

ನಡೆದದ್ದನ್ನೆಲ್ಲ ಬರೆದು ಸಾಹೇಬರಿಗೆ ಕೊಟ್ಟೆ. ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ರೀ ಶಿವಮೂರ್ತಿ, ಇದನ್ನ ಮೇಲಕ್ಕೆ ಕಳ್ಸಿದ್ರೆ ನಿಮ್ಮನ್ನೂ ನನ್ನನ್ನೂ ಸೇರಿಸಿ ನಗ್ತಾರೆ. ಆಡಳಿತಾತ್ಮಕ ಕಾರಣ ಅಂತ ಬರ್ಕೊಡಿ, ಸಾಕು." ನಾನು ಹಾಗೆಯೇ ಬರೆದುಕೊಟ್ಟೆ. ಹೊಸಬರು ಇಲ್ಲಿ ಗಮನಿಸಬೇಕು. ಅನ್ಯಾಯ ಮಾಡುವಾಗ ನಾನು ಸ್ಪಷ್ಟವಾಗಿ, ಸಾಲು ಸಾಲಾಗಿ ಬರೆದಿದ್ದೆ. ಅದನ್ನು ಸರಿ ಮಾಡುವಾಗ ಎರಡು ಪದದ ಹಿಂದೆ ಬಚ್ಚಿಟ್ಟುಕೊಂಡೆ. ಆದೇಶ ಬರುವಷ್ಟರಲ್ಲಿ ಮಳೆಗಾಲ ಕಳೆದಿತ್ತು. ನರಸಮ್ಮ ತನ್ನ ರಸ್ತೆಗೆ ಮರಳಿದಳು. ಮಂಜುಳಾಳ ಮಿಷನ್ನಿನ ಮುಂದೆ ಅಷ್ಟು ಹೊತ್ತಿಗೆ ಬೇರೆ ಯಾರೋ ಕೂತಿದ್ದರು.

ಮೂಲೆಯನ್ನು ಸರಿ ಮಾಡಿದ್ದು ನಾನಲ್ಲ. ಗಿರಿಜೆಯೂ ನರಸಮ್ಮನೂ ಸೇರಿ ಮಾಡಿದರು. ಮರದ ಹಿಂದೆ ಒಂದು ಸಿಮೆಂಟಿನ ರಿಂಗು ಇಡಿಸಿ, ಹೂವು ಪತ್ರೆ ಮಾತ್ರ ಇದರೊಳಗೆ, ದಾರ ಮತ್ತು ಕಾಗದ ಮನೆಗೆ ವಾಪಸ್ ಎಂದು ಗಿರಿಜೆ ಪಾರ್ಕಿಗೆ ಬರುವ ಹೆಂಗಸರಿಗೆಲ್ಲ ಹೇಳಿದಳು. ತಿಂಗಳುಗಟ್ಟಲೆ ಬಾಯಿ ನೋಯುವಷ್ಟು ಹೇಳಿದಳು. ಹಳೆಯ ಪಟಗಳ ಚೌಕಟ್ಟು, ಗಾಜನ್ನು ನರಸಮ್ಮ ಬಿಚ್ಚಿ ಒಣ ಕಸಕ್ಕೆ ಕಳಿಸಿದಳು. ಪಟಗಳನ್ನು ನೀರಲ್ಲಿ ನೆನೆಸಿ ಅದೇ ಮರದ ಬುಡದ ಮಣ್ಣಿಗೆ ಸೇರಿಸಿದಳು. ರಿಂಗಿನ ಗೊಬ್ಬರ ಪಾರ್ಕಿನ ಗಿಡಗಳಿಗೆ ಹೋಗುತ್ತದೆ. ಮೊದಲ ಪೊಟ್ಟಣ ನಿಂತ ಮೇಲೆ ಪಟಗಳೂ ನಿಂತವು, ಕವರುಗಳೂ ಮತ್ತೆ ಬರಲಿಲ್ಲ. ಮೀಟಿಂಗಿನಲ್ಲಿ ಸಾಹೇಬರು ನನ್ನ ಹೆಸರು ಹೇಳಿ ಹೊಗಳಿದರು. ನಾನು ಎದ್ದು ನಿಂತು ಕೈ ಮುಗಿದು ಕೂತೆ, ಅವರಿಬ್ಬರ ಹೆಸರು ಹೇಳಲಿಲ್ಲ.

ಅದಾಗಿ ನಿವೃತ್ತಿಯವರೆಗೂ ದಿನಾ ಆ ರಸ್ತೆಯಲ್ಲಿ ನರಸಮ್ಮನನ್ನು ನೋಡುತ್ತಿದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಹತ್ತಿರ ಹೋದಾಗ "ಆ ಮೋರಿ ಕ್ಲೀನ್ ಆಯ್ತಾ?" ಎಂದು ಕೇಳಿ ಮುಂದೆ ಹೋಗುತ್ತಿದ್ದೆ.

ಬೀಳ್ಕೊಡುಗೆಯ ದಿನ ಆಳೆತ್ತರದ ಹಾರ ಹಾಕಿದರು. ಮರುದಿನ ಬೆಳಿಗ್ಗೆ ಅದು ಕುರ್ಚಿಯ ಮೇಲೆ ಬಾಡಿ ಬಿದ್ದಿತ್ತು. ಎತ್ತಿಕೊಂಡು ಮರದ ಮೂಲೆಗೆ ಹೋದೆ. ನರಸಮ್ಮ ಗಾಡಿಯೊಂದಿಗೆ ನಿಂತಿದ್ದಳು. ರಿಂಗಿಗೆ ಹಾಕಲು ಹೋದವನು ತಡೆದು ನಿಂತೆ.

"ಇದು ದೇವರದ್ದಲ್ಲ ನರಸಮ್ಮ, ನನ್ನದು. ಹಸಿ ಕಸಕ್ಕೇ ಹಾಕ್ಬೇಕು."

"ಜರಿ ತೆಗೀದೆ ಹಾಕಿದ್ರೆ ಫೈನ್ ಹಾಕ್ತೀನಿ ಸಾರ್" ಎಂದಳು. ಆಕೆ ನನ್ನ ಜೊತೆ ತಮಾಷೆ ಮಾಡಿದ್ದು ಅದೇ ಮೊದಲು. ಇಬ್ಬರೂ ಫುಟ್‌ಪಾತಿನ ಮೇಲೆ ಕೂತು ಹಾರದ ಜರಿ, ಪ್ಲಾಸ್ಟಿಕ್ ದಾರ ಕಿತ್ತೆವು. "ನಿಮ್ಮ ಮೇಲೆ ಸುಳ್ಳು ವರದಿ ಬರೆದೆ. ತಪ್ಪಾಯ್ತು" ಎಂದೆ. ಆಕೆಯನ್ನು ನೀವು ಎಂದದ್ದೂ ಅದೇ ಮೊದಲು.

ನರಸಮ್ಮ ಹೂವಿನ ಎಸಳನ್ನೆಲ್ಲ ಬಾಚಿ ಗಾಡಿಗೆ ಹಾಕಿ ಎದ್ದಳು. "ನಂಗೆ ಯಾಕ್ ಹೇಳ್ತೀರಿ ಸಾರ್, ನನ್ ಕೆಲ್ಸ ನಂಗೆ ಬಂತು. ಹೇಳೋದಾದ್ರೆ ನನ್ ಮಗಳಿಗೆ ಹೇಳಿ" ಎಂದು ಗಾಡಿ ತಳ್ಳಿಕೊಂಡು ಹೋದಳು.

ಮೂರು ಸಲ ಹೋಗಿ ಕಾಮಾಕ್ಷಿಪಾಳ್ಯದ ಅವರ ಓಣಿಯ ಬಾಯಿಂದ ವಾಪಸ್ ಬಂದೆ. ವರ್ಕ್‌ಶಾಪುಗಳ ಸದ್ದಿನ ನಡುವೆ ನಿಂತು, ಬಂದ ಬಸ್ಸು ಹತ್ತಿಬಿಡುತ್ತಿದ್ದೆ. ಹೋದ ವಾರ ನಾಲ್ಕನೆಯ ಸಲ ಹೋದೆ. ಒಂದೇ ಕೋಣೆಯ ಮನೆ. ಮಂಜುಳಾ ಕಿಟಕಿಯ ಪಕ್ಕ ಹೊಲಿಗೆ ಮಿಷನ್ ಇಟ್ಟುಕೊಂಡು ಓಣಿಯವರ ಬ್ಲೌಸು, ಸೀರೆಯ ಫಾಲ್ಸು ಹೊಲಿಯುತ್ತ ಕೂತಿದ್ದಳು. ಹೆಸರು ಹೇಳಿದ್ದೇ ತಡ, ಎದ್ದು ಕುರ್ಚಿ ಒರೆಸಿದಳು.

"ಅಮ್ಮನ್ನ ಕೆಂಗೇರಿಯಿಂದ ವಾಪಸ್ ಕರ್ಸಿದ್ದು ನೀವೇ ಅಲ್ವಾ ಸಾರ್? ಅಮ್ಮ ಹೇಳಿದ್ಲು. ಕೂತ್ಕೊಳಿ, ಕಾಫಿ ಮಾಡ್ತೀನಿ."

ಅಮ್ಮ ಅಷ್ಟನ್ನೇ ಹೇಳಿದ್ದಳು. ಕಳಿಸಿದವನು ಯಾರು ಎಂದು ಇಷ್ಟು ದಿನ ಮಗಳಿಗೂ ಹೇಳಿರಲಿಲ್ಲ. ಕಾಫಿ ಲೋಟ ಕೈಯಲ್ಲಿ ಸುಡುತ್ತಿತ್ತು. ಎಲ್ಲವನ್ನೂ ಹೇಳಿದೆ: ಪೊಟ್ಟಣ, ಟೀ ಅಂಗಡಿ, ನೋಡದೆ ಬಿಟ್ಟ ಹತ್ತು ಹೆಜ್ಜೆ, ವರದಿ, ಆಡಳಿತಾತ್ಮಕ ಕಾರಣ. ಅವಳು ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೇಳಿದಳು.

"ಆ ಪೊಟ್ಟಣ ಯಾರ ಮನೇದು ಸಾರ್?"

"ನಮ್ಮನೇದು."

ಅವಳು ಹೋಗಲಿ ಬಿಡಿ ಎನ್ನಲಿಲ್ಲ, ಬೈಯಲೂ ಇಲ್ಲ. ಸೂಜಿಗೆ ದಾರ ಪೋಣಿಸಿ ಮತ್ತೆ ತುಳಿಯತೊಡಗಿದಳು. ನಾನು ಕಾಫಿ ಮುಗಿಸಿ, ಲೋಟ ಎಲ್ಲಿಡಲಿ ಎಂದು ತಿಳಿಯದೆ ಅದನ್ನು ಹಿಡಿದುಕೊಂಡು ಎದ್ದು ನಿಂತೆ.

"ಅಲ್ಲೇ ಇಟ್ಟೋಗಿ ಸಾರ್" ಎಂದಳು, ಬಟ್ಟೆಯಿಂದ ಕಣ್ಣೆತ್ತದೆ. "ಎತ್ತೋದು ನಮಗೆ ಅಭ್ಯಾಸ."

ನಾನು ಬಚ್ಚಲ ಬಳಿಗೆ ಹೋಗಿ ಲೋಟ ತೊಳೆದು, ಬೋರಲು ಹಾಕಿ ಬಂದೆ.